ಕಲ್ಯಾಣ, ಡೊಂಬಿವಲಿ ಸುತ್ತ ವೆಬ್ ಡಿಸೈನ್, ಗೇಮ್ ಕೋರ್ಸ್: ಶುಲ್ಕ ಕಟ್ಟುವ ಮುನ್ನ ಇದನ್ನು ಓದಿ

ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಕೂಡಲೇ ಕಲ್ಯಾಣ, ಡೊಂಬಿವಲಿ, ಥಾಣೆಯ ಮನೆಗಳಲ್ಲಿ ಮುಂದೇನು ಎಂಬ ಚರ್ಚೆ ಶುರುವಾಗುತ್ತದೆ. ಸದಾ ಮೊಬೈಲ್ ಗೇಮ್‌ನಲ್ಲಿ ಮುಳುಗಿರುವ ಮಗ 'ಗೇಮ್ ಮಾಡುವುದನ್ನೇ ಕಲಿಯುತ್ತೇನೆ' ಎನ್ನುತ್ತಾನೆ, ಚಿತ್ರ ಬಿಡಿಸುವ ಮಗಳು ವೆಬ್ ಡಿಸೈನ್ ಬೇಕು ಎನ್ನುತ್ತಾಳೆ. ಎರಡೂ ಒಳ್ಳೆಯ ಆಯ್ಕೆಗಳೇ. ಆದರೆ ಒಂದೇ ಹೆಸರಿನ ಎರಡು ಕೋರ್ಸ್‌ಗಳಲ್ಲಿ ಒಂದಕ್ಕೆ ವಿಶ್ವವಿದ್ಯಾಲಯದ ಪದವಿ ಸಿಗುತ್ತದೆ, ಇನ್ನೊಂದಕ್ಕೆ ಸಂಸ್ಥೆಯ ಸರ್ಟಿಫಿಕೇಟ್ ಮಾತ್ರ. ಈ ವ್ಯತ್ಯಾಸ ಮೂರು ವರ್ಷ ಕಳೆದ ಮೇಲೆ ತಿಳಿದರೆ ಹಣವೂ ಹೋಯಿತು, ವಯಸ್ಸೂ ಹೋಯಿತು.

ಮೊದಲು ಕೆಲಸ ಯಾವುದು ತಿಳಿಯಿರಿ

ವೆಬ್ ಕ್ಷೇತ್ರದಲ್ಲಿ ಎರಡು ಬಗೆಯ ಕೆಲಸಗಳಿವೆ. ಪುಟ ಹೇಗೆ ಕಾಣಬೇಕು, ಬಟನ್ ಎಲ್ಲಿರಬೇಕು ಎಂದು ನಿರ್ಧರಿಸುವವರು ಡಿಸೈನರ್. ಇವರ ಕೈಯಲ್ಲಿ ಫಿಗ್ಮಾದಂಥ ಸಾಫ್ಟ್‌ವೇರ್ ಇರುತ್ತದೆ. ಅದನ್ನು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಬಳಸಿ ಕಟ್ಟುವವರು ಡೆವಲಪರ್.

ಗೇಮ್‌ನಲ್ಲಿ ಕೆಲಸಗಳು ಇನ್ನೂ ಹೆಚ್ಚು. ಆಟದ ನಿಯಮ, ಹಂತಗಳನ್ನು ರೂಪಿಸುವ ಗೇಮ್ ಡಿಸೈನರ್, ಪಾತ್ರ ಮತ್ತು ಹಿನ್ನೆಲೆ ಮಾಡುವ ಕಲಾವಿದ, ಕೋಡ್ ಬರೆಯುವ ಪ್ರೋಗ್ರಾಮರ್, ತಪ್ಪು ಹುಡುಕುವ ಟೆಸ್ಟರ್ ಬೇರೆ ಬೇರೆ. ಪ್ರೋಗ್ರಾಮರ್ ಆಗಬೇಕಾದರೆ ಯೂನಿಟಿಗೆ ಸಿ ಶಾರ್ಪ್, ಅನ್‌ರಿಯಲ್‌ಗೆ ಸಿ ಪ್ಲಸ್ ಪ್ಲಸ್ ಬೇಕು. ಚೆಂಡು ಪುಟಿಯುವುದು, ಕ್ಯಾಮೆರಾ ತಿರುಗುವುದು ಎಲ್ಲವೂ ವೆಕ್ಟರ್, ಮ್ಯಾಟ್ರಿಕ್ಸ್ ಲೆಕ್ಕ. ಗಣಿತ ಕಂಡರೆ ಆಗದವರು ಕಲೆ ಅಥವಾ ವಿನ್ಯಾಸದ ಕಡೆ ನೋಡುವುದು ಉತ್ತಮ.

ಪದವಿ ಕಾಲೇಜುಗಳಲ್ಲಿ ಏನಿದೆ?

ಈ ಭಾಗದ ಹೆಚ್ಚಿನ ಕಾಲೇಜುಗಳು ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. 'ಗೇಮ್' ಎಂಬ ಹೆಸರಿನ ಪದವಿ ಇಲ್ಲಿ ಅಪರೂಪ. ಆದ್ದರಿಂದ ಬಿಎಸ್ಸಿ ಐಟಿ, ಬಿಎಸ್ಸಿ ಕಂಪ್ಯೂಟರ್ ಸೈನ್ಸ್, ಬಿಸಿಎ ಮೂಲಕವೇ ಬಹುತೇಕರು ಈ ಕ್ಷೇತ್ರಕ್ಕೆ ಬರುತ್ತಾರೆ. 2018ರ ಆಸುಪಾಸಿನ ಪಠ್ಯಕ್ರಮದಲ್ಲಿ ಬಿಎಸ್ಸಿ ಐಟಿಗೆ ವೆಬ್ ಪ್ರೋಗ್ರಾಮಿಂಗ್, ಕಂಪ್ಯೂಟರ್ ಗ್ರಾಫಿಕ್ಸ್ ಮತ್ತು ಅನಿಮೇಷನ್ ವಿಷಯಗಳಿದ್ದವು. ಕಂಪ್ಯೂಟರ್ ಸೈನ್ಸ್‌ನ ಅಂತಿಮ ವರ್ಷದಲ್ಲಿ ಗೇಮ್ ಪ್ರೋಗ್ರಾಮಿಂಗ್ ಐಚ್ಛಿಕ ವಿಷಯವಾಗಿತ್ತು. ಈಗ ಹೊಸ ಶಿಕ್ಷಣ ನೀತಿಯಂತೆ ಪಠ್ಯ ಬದಲಾಗುತ್ತಿದೆ. ಸ್ವಾಯತ್ತ ಕಾಲೇಜುಗಳು ತಮ್ಮದೇ ಪಠ್ಯಕ್ರಮ ರೂಪಿಸುತ್ತವೆ. ಹಾಗಾಗಿ ಕೋರ್ಸ್‌ನ ಹೆಸರು ನೋಡಿ ಸೇರದೆ, ಆರೂ ಸೆಮಿಸ್ಟರ್‌ಗಳ ವಿಷಯ ಪಟ್ಟಿಯನ್ನು ಕೇಳಿ ಪಡೆಯಿರಿ.

ಕಲ್ಯಾಣದ ಬಿರ್ಲಾ ಕಾಲೇಜು, ಡೊಂಬಿವಲಿಯ ಪೆಂಢರ್ಕರ್ ಮತ್ತು ಮಾಡೆಲ್ ಕಾಲೇಜು, ಥಾಣೆಯ ಬಾಂದೋಡ್ಕರ್ ಕಾಲೇಜು, ವಾಶಿಯ ಕರ್ಮವೀರ ಭಾವುರಾವ್ ಪಾಟೀಲ್ ಕಾಲೇಜು, ನೆರೂಲ್‌ನ ಎಸ್‌ಐಇಎಸ್ ಇಲ್ಲಿ ಹೆಸರಾದವು. ಠಾಕುರ್ಲಿಯ ಮಂಜುನಾಥ ಕಾಲೇಜು ನಡೆಸುತ್ತಿರುವುದು ಡೊಂಬಿವಲಿ ಕರ್ನಾಟಕ ಸಂಘ. ಈ ವರ್ಷ ಯಾವ ಕೋರ್ಸ್‌ಗೆ ಎಷ್ಟು ಸೀಟು ಎಂಬುದನ್ನು ಆಯಾ ಕಾಲೇಜಿನ ಕಚೇರಿಯಲ್ಲೇ ವಿಚಾರಿಸಿ.

ಬಿಎಸ್ಸಿ ಐಟಿ, ಕಂಪ್ಯೂಟರ್ ಸೈನ್ಸ್‌ಗೆ ಸಾಮಾನ್ಯವಾಗಿ ಹನ್ನೆರಡನೇ ತರಗತಿಯ ಅಂಕದ ಆಧಾರದಲ್ಲಿ ಪ್ರವೇಶ. ಗಣಿತ ಓದಿರಬೇಕೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಬಿಸಿಎ ಕತೆ ಬೇರೆ. 2024-25ರಿಂದ ಬಿಸಿಎ, ಬಿಬಿಎ ಕೋರ್ಸ್‌ಗಳು ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಮಹಾರಾಷ್ಟ್ರದಲ್ಲಿ ಅವಕ್ಕೆ ಪ್ರತ್ಯೇಕ ಸಿಇಟಿಯೂ ಶುರುವಾಗಿದೆ. ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕೂತರೆ ಸಿಇಟಿ ಅರ್ಜಿಯ ದಿನಾಂಕ ದಾಟಿರುತ್ತದೆ.

ಡಿಸೈನ್ ಕಡೆ ಒಲವಿದ್ದರೆ

ಪೊವಾಯಿಯ ಐಐಟಿ ಬಾಂಬೆಯಲ್ಲಿ 1969ರಲ್ಲಿ ಶುರುವಾದ ಐಡಿಸಿ ಈಗ ಬಿ.ಡಿಸೈನ್ ಪದವಿ ನೀಡುತ್ತದೆ. ಪ್ರವೇಶ ಯುಸೀಡ್ ಪರೀಕ್ಷೆ ಮೂಲಕ. ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರೂ ಬರೆಯಬಹುದು. ಖಾರ್ಘರ್‌ನಲ್ಲಿ ನಿಫ್ಟ್ ಕ್ಯಾಂಪಸ್ ಇದೆ. ಗೇಮ್‌ನಲ್ಲೇ ಉನ್ನತ ವ್ಯಾಸಂಗ ಬೇಕೆನ್ನುವವರಿಗೆ ನಮ್ಮ ಬೆಂಗಳೂರಿನ ಎನ್‌ಐಡಿ ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ಕೋರ್ಸ್ ಇದೆ. ಎಂಜಿನಿಯರಿಂಗ್ ಅಥವಾ ಎಂಸಿಎ ಮುಗಿಸಿದವರು ಸಿ-ಡ್ಯಾಕ್‌ನ ಆರು ತಿಂಗಳ ಪಿಜಿ ಡಿಪ್ಲೊಮಾ ನೋಡಬಹುದು. ಅದಕ್ಕೆ ಸಿ-ಕ್ಯಾಟ್ ಬರೆಯಬೇಕು. ಖಾರ್ಘರ್‌ನಲ್ಲೂ ಸಿ-ಡ್ಯಾಕ್ ಕೇಂದ್ರವಿದೆ. 2025ರಲ್ಲಿ ಮುಂಬಯಿಯಲ್ಲಿ ಅನಿಮೇಷನ್, ಗೇಮಿಂಗ್‌ಗೆಂದೇ ಐಐಸಿಟಿ ಎಂಬ ರಾಷ್ಟ್ರೀಯ ಸಂಸ್ಥೆಯೂ ಆರಂಭವಾಗಿದೆ.

ಖಾಸಗಿ ತರಬೇತಿ ಸಂಸ್ಥೆಗಳು

ಸ್ಟೇಷನ್ ಹತ್ತಿರದ ತರಬೇತಿ ಕೇಂದ್ರಗಳನ್ನು ಪೂರಾ ತಳ್ಳಿಹಾಕಬೇಕಿಲ್ಲ. ಸಾಫ್ಟ್‌ವೇರ್ ಬಳಕೆಯನ್ನು ಕೆಲವು ಕಡೆ ಕಾಲೇಜಿಗಿಂತ ಚೆನ್ನಾಗಿ ಕಲಿಸುತ್ತಾರೆ. ಪದವಿ ಓದುತ್ತಲೇ ಸಂಜೆ ಹೊತ್ತು ಸೇರುವವರಿಗೆ ಇದು ಅನುಕೂಲ. ಎಚ್ಚರ ಬೇಕಿರುವುದು 'ನಮ್ಮಲ್ಲೇ ಪದವಿಯೂ ಸಿಗುತ್ತದೆ' ಎಂದಾಗ. ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದು ಇಲ್ಲಿನ ತರಬೇತಿ ಕೇಂದ್ರಕ್ಕೆ ಫ್ರಾಂಚೈಸಿ ಕೊಟ್ಟು ಪದವಿ ನಡೆಸಲು ಯುಜಿಸಿ ನಿಯಮದಲ್ಲಿ ಅವಕಾಶವಿಲ್ಲ. ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಯಾದರೆ ಆ ಕೋರ್ಸ್‌ಗೆ ಯುಜಿಸಿಯ ಮಾನ್ಯತೆ ಇದೆಯೇ ಎಂಬುದನ್ನು ಅದರ ವೆಬ್‌ಸೈಟ್‌ನಲ್ಲಿ ನೋಡಬಹುದು. ಮುಂದೆ ಎಂಸಿಎ ಓದಲು, ಸರ್ಕಾರಿ ಪರೀಕ್ಷೆ ಬರೆಯಲು, ವಿದೇಶಕ್ಕೆ ಹೋಗಲು ಮಾನ್ಯ ಪದವಿಯೇ ಬೇಕು.

ಕೇಳಲೇಬೇಕಾದ ಪ್ರಶ್ನೆಗಳು

* ಪದವಿ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆ? ಹಿಂದಿನ ವರ್ಷದ ಪ್ರತಿಯೊಂದನ್ನು ತೋರಿಸುತ್ತೀರಾ?
* ಕಳೆದ ವರ್ಷದ ವಿದ್ಯಾರ್ಥಿಗಳು ಮಾಡಿದ ಗೇಮ್ ಅಥವಾ ವೆಬ್‌ಸೈಟ್ ಎಲ್ಲಿದೆ? ನಾವು ತೆರೆದು ನೋಡಬಹುದೇ?
* ಲ್ಯಾಬ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್‌ಗಳು ಎಷ್ಟು?
* ನೂರಕ್ಕೆ ನೂರು ಕೆಲಸ ಎಂಬ ಮಾತನ್ನು ಬರಹದಲ್ಲಿ ಕೊಡುತ್ತೀರಾ?
* ನಡುವೆ ಬಿಟ್ಟರೆ ಎಷ್ಟು ಹಣ ವಾಪಸ್?

ಕೊನೆಯ ಪ್ರಶ್ನೆ ಬಹಳ ಮುಖ್ಯ. ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ಣ ಶುಲ್ಕ, ಆ ಬಳಿಕ ಕೊನೆಯ ದಿನದೊಳಗಾದರೆ ಶೇ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50 ಮರಳಿಸಬೇಕು. ಮೂಲ ಅಂಕಪಟ್ಟಿಯನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ. ಆದರೆ ಈ ರಕ್ಷಣೆ ಇರುವುದು ವಿಶ್ವವಿದ್ಯಾಲಯ ಮತ್ತು ಅದರ ಕಾಲೇಜುಗಳಲ್ಲಿ ಓದುವವರಿಗೆ. ಖಾಸಗಿ ತರಬೇತಿ ಕೇಂದ್ರದಲ್ಲಿ ನೀವು ಸಹಿ ಮಾಡುವ ಕಾಗದದಲ್ಲಿ ಏನಿದೆ ಎಂಬುದನ್ನು ಮೊದಲೇ ಓದಿಕೊಳ್ಳಿ. ಹಾಗಾಗಿ ಇಡೀ ಕೋರ್ಸ್‌ನ ಹಣ ಒಟ್ಟಿಗೆ ಕಟ್ಟಬೇಡಿ, ಕಂತಿನಲ್ಲಿ ಕಟ್ಟಿ. ಅಲ್ಲೇ ಕೂರಿಸಿ ಸಾಲದ ಫಾರಂಗೆ ಸಹಿ ಹಾಕಿಸಿದರೆ, ಮನೆಗೆ ತಂದು ಓದಿ ನಂತರ ತೀರ್ಮಾನಿಸಿ.

ಕೆಲಸ ಎಲ್ಲಿ?

ವೆಬ್ ಕೆಲಸಕ್ಕೆ ಐರೋಲಿ, ಮಹಾಪೆ, ಥಾಣೆಯ ಐಟಿ ಕಂಪನಿಗಳು ಕಲ್ಯಾಣದಿಂದ ನಿತ್ಯ ಲೋಕಲ್ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ. ಗೇಮ್ ಕಂಪನಿಗಳು ಸಂಖ್ಯೆಯಲ್ಲಿ ಕಡಿಮೆ, ಆದರೆ ಇಲ್ಲವೆಂದಲ್ಲ. 2016ರಲ್ಲಿ ಬಂದು, ಲಾಕ್‌ಡೌನ್ ದಿನಗಳಲ್ಲಿ ಮನೆಮನೆಯ ಆಟವಾದ ಲೂಡೊ ಕಿಂಗ್ ಮಾಡಿದ್ದು ನವಿ ಮುಂಬಯಿಯ ಗೇಮೇಷನ್ ಕಂಪನಿ. 50 ಕೋಟಿಗೂ ಹೆಚ್ಚು ಬಾರಿ ಡೌನ್‌ಲೋಡ್ ಆದ ಈ ಆಟ ತಯಾರಾದದ್ದು ವಿದ್ಯಾರ್ಥಿಗಳಿಗೂ ಉಚಿತವಾಗಿ ಸಿಗುವ ಯೂನಿಟಿಯಲ್ಲಿ. ಪುಣೆಯ ನಾಡಿಂಗ್ ಹೆಡ್ಸ್ 2020ರಲ್ಲಿ ತಂದ 'ರಾಜಿ' ಆಟ ಹೊರದೇಶದಲ್ಲೂ ಹೆಸರು ಮಾಡಿತು.

ಇನ್ನೊಂದು ಮಾತು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅಂಥ ಕಂಪನಿಗಳನ್ನು ತೋರಿಸಿ ಸಂಬಳದ ಆಸೆ ಹುಟ್ಟಿಸುವ ಹಳೆಯ ಜಾಹೀರಾತನ್ನು ನಂಬಬೇಡಿ.

ಸೇರುವ ಮೊದಲೇ ಮಾಡಿ ನೋಡಿ

ಆಟ ಆಡುವ ಆಸೆಯೇ ಬೇರೆ, ಮಾಡುವ ತಾಳ್ಮೆಯೇ ಬೇರೆ. ಅದು ಇದೆಯೇ ಎಂದು ತಿಳಿಯಲು ಖರ್ಚಿಲ್ಲದ ದಾರಿಯಿದೆ. ಗೋಡೋ, ಬ್ಲೆಂಡರ್ ಎರಡೂ ಪೂರ್ತಿ ಉಚಿತ. ರಜೆಯಲ್ಲಿ ಅಜ್ಜಿಯ ಚೆನ್ನೆಮಣೆಯನ್ನೇ ಕಂಪ್ಯೂಟರ್‌ಗೆ ತರಲು ಹೇಳಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಕಾಯಿ ಹಂಚುವ ಲೆಕ್ಕ. ಮೊದಲ ಗೇಮ್‌ಗೆ ಇಷ್ಟು ಸಾಕು. ಸೂಚನೆಗಳನ್ನು ಕನ್ನಡದಲ್ಲಿ ಬರೆದರೆ ಇನ್ನೊಂದು ಪಾಠವೂ ಸಿಗುತ್ತದೆ. ಹಲವು ಗೇಮ್ ಎಂಜಿನ್‌ಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತಿತ್ತು. 2023ರಲ್ಲಿ ಬಂದ ಗೋಡೋ 4 ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ. ಭಾರತೀಯ ಭಾಷೆಗಳಲ್ಲಿ ಪುಟವನ್ನೂ ಆಟವನ್ನೂ ಸರಿಯಾಗಿ ತೋರಿಸಬಲ್ಲವರು ಸಂದರ್ಶನದಲ್ಲಿ ಹೇಳಿಕೊಳ್ಳಲು ಅದೊಂದು ಗಟ್ಟಿ ಅಂಶ.

ಎರಡು ತಿಂಗಳಲ್ಲಿ ಆ ಪುಟ್ಟ ಆಟ ಮುಗಿದರೆ, ಮಗುವಿನ ಕೈಹಿಡಿದು ಕಾಲೇಜಿಗೆ ಹೋಗಿ. ಅರ್ಧಕ್ಕೇ ಬೇಸರ ಬಂದರೂ ನಷ್ಟವೇನಿಲ್ಲ. ಶುಲ್ಕ ಇನ್ನೂ ನಿಮ್ಮ ಕೈಯಲ್ಲೇ ಇದೆ.