ಸಂತನ ಹೆಸರು ತೆಗೆದು ಡಿಯೆಗೊ ಹೆಸರಿಟ್ಟರು

ಇಟಲಿಯಲ್ಲಿ 1927ರ ಒಂದು ಕಾನೂನು ಇವತ್ತಿಗೂ ಇದೆ. ಒಬ್ಬ ಮನುಷ್ಯ ಸತ್ತು ಹತ್ತು ವರ್ಷ ಆಗುವ ತನಕ ಅವನ ಹೆಸರನ್ನು ರಸ್ತೆಗೋ ಚೌಕಕ್ಕೋ ಇಡುವ ಹಾಗಿಲ್ಲ. ವಿಶೇಷ ಅನುಮತಿ ಸಿಕ್ಕರೆ ಮಾತ್ರ ಆಗುತ್ತೆ. ಮುಸೊಲಿನಿ ಕಾಲದ್ದಾದರೂ ಅದರ ಹಿಂದಿನ ವಿಚಾರವೇನೂ ಕೆಟ್ಟದ್ದಲ್ಲ. ಸತ್ತ ಹೊಸದರಲ್ಲಿ ಎಲ್ಲರೂ ದೊಡ್ಡವರಾಗಿಯೇ ಕಾಣ್ತಾರೆ, ಸ್ವಲ್ಪ ಆರಲಿ ಅಂತ. ನಮ್ಮೂರಲ್ಲೂ ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ. ಆದರೆ ಅದು ತಿಥಿ ಊಟ ಮುಗಿಯೋ ತನಕ ಮಾತ್ರ. ಆಮೇಲೆ ಅರಳಿಕಟ್ಟೆ ಮೇಲೆ ಒಂದೊಂದೇ ಲೆಕ್ಕ ಹೊರಗೆ ಬರುತ್ತೆ.

ಡಿಯೆಗೊ ಮರಡೋನಾ ತೀರಿಕೊಂಡಿದ್ದು 2020ರ ನವೆಂಬರ್ 25ಕ್ಕೆ, ಅರ್ಜೆಂಟೀನಾದಲ್ಲಿ. ಇಟಲಿಯ ನೇಪಲ್ಸ್ ನಗರದ ಆಡಳಿತ ತನ್ನ ಫುಟ್‌ಬಾಲ್ ಸ್ಟೇಡಿಯಂಗೆ ಅವನ ಹೆಸರಿಡುವ ತೀರ್ಮಾನ ಮಾಡಿದ್ದು ಡಿಸೆಂಬರ್ 4ಕ್ಕೆ. ಹತ್ತು ವರ್ಷ ಹಾಗಿರಲಿ, ಹತ್ತು ದಿನವೂ ಕಾಯಲಿಲ್ಲ. ಅಲ್ಲಿಯವರೆಗೆ ಅದು ಸ್ಯಾನ್ ಪಾವ್ಲೊ ಸ್ಟೇಡಿಯಂ. ಅಂದರೆ ಸಂತ ಪೌಲನ ಹೆಸರಿನದು. ಪೌಲ ರೋಮಿಗೆ ಹೋಗುವ ದಾರಿಯಲ್ಲಿ ಅಲ್ಲೇ ಹತ್ತಿರದ ಪೊಜುವೊಲಿ ಬಂದರಿನಲ್ಲಿ ಇಳಿದ ಅಂತ ಬೈಬಲ್ ಹೇಳುತ್ತೆ. ಹಾಗೆ ನೋಡಿದರೆ ಈ ಪೌಲನೂ ಶುರುವಿನಲ್ಲಿ ಕ್ರೈಸ್ತರನ್ನು ಹುಡುಕಿ ಹುಡುಕಿ ಹಿಂಸಿಸಿದವನೇ, ಆಮೇಲೆ ಸಂತನಾದವನು. ಆ ಗೋಡೆ ಮೇಲೆ ಕಳಂಕವಿಲ್ಲದವನ ಹೆಸರು ಯಾವತ್ತೂ ಇರಲಿಲ್ಲ ಬಿಡಿ.

ಪೌಲ ಬದಲಾದ. ಮರಡೋನಾ ಬದಲಾದನೇ ಅನ್ನೋದು ತಕರಾರಿನ ವಿಷಯ. ಕೊಕೇನ್, ಮಾಫಿಯಾ ಸಹವಾಸ, ಹೆತ್ತ ಮಗನನ್ನೇ ಮಗ ಅಲ್ಲ ಅಂದಿದ್ದು, ಹೆಣ್ಣುಮಕ್ಕಳ ಜತೆ ನಡೆದುಕೊಂಡ ರೀತಿ, ಇಷ್ಟೆಲ್ಲ ಇರುವ ಒಬ್ಬ ಪರದೇಶಿ ಆಟಗಾರನಿಗೆ ಒಂದು ಊರು ಇಷ್ಟು ದೊಡ್ಡ ಗೌರವ ಕೊಡಬಹುದಾ? ಇಂಥ ಪ್ರಶ್ನೆ ಬಂದಾಗ ನಮ್ಮಂಥವರು ಆಫೀಸಿನ ಕಾಫಿ ಮಷೀನ್ ಮುಂದೆ ನಿಂತು ಕೊಡುವ ಉತ್ತರ ಒಂದೇ: ಆಟ ಬೇರೆ, ಆಟಗಾರ ಬೇರೆ, ಎರಡನ್ನೂ ಕಲಸಬೇಡಿ. ಈ ಉತ್ತರ ನೇಪಲ್ಸ್‌ಗೆ ಹೊಂದೋದೇ ಇಲ್ಲ. ಯಾಕೆ ಅಂತ ಹೇಳೋಕೆ 1984ಕ್ಕೆ ಹೋಗಬೇಕು.

ಇಟಲಿಯಲ್ಲಿ ಉತ್ತರ ಶ್ರೀಮಂತ, ದಕ್ಷಿಣ ಬಡವ. ಕಾರ್ಖಾನೆ, ಬ್ಯಾಂಕು, ಫ್ಯಾಷನ್ನು ಎಲ್ಲ ಮಿಲಾನ್, ಟ್ಯೂರಿನ್ ಕಡೆ. ದಕ್ಷಿಣದ ಹುಡುಗರು ರೈಲು ಹತ್ತಿ ಟ್ಯೂರಿನ್ನಿನ ಫಿಯೆಟ್ ಕಾರ್ಖಾನೆಗೆ ದುಡಿಯೋಕೆ ಹೋಗುತ್ತಿದ್ದರು. ಅದೇ ಫಿಯೆಟ್‌ನ ಮಾಲೀಕರಾದ ಆನ್ಯೆಲಿ ಮನೆತನದ ಕೈಯಲ್ಲಿತ್ತು ಯುವೆಂಟಸ್ ಕ್ಲಬ್. ನೇಪಲ್ಸ್‌ನಲ್ಲಿ 1973ರಲ್ಲಿ ಕಾಲರಾ ಬಂದಿತ್ತು. 1980ರ ನವೆಂಬರಿನಲ್ಲಿ ಆ ಪ್ರಾಂತ್ಯದಲ್ಲಿ ಭೂಕಂಪ ಆಗಿ ಸುಮಾರು 3000 ಜನ ಸತ್ತಿದ್ದರು, ಲಕ್ಷಾಂತರ ಜನ ಮನೆ ಕಳಕೊಂಡಿದ್ದರು. ಉತ್ತರದ ಸ್ಟೇಡಿಯಂಗಳಲ್ಲಿ ನೇಪಲ್ಸ್ ತಂಡ ಬಂದಾಗ ಇದೇ ಕಾಲರಾ, ಇದೇ ಭೂಕಂಪ ಬೈಗುಳದ ಹಾಡುಗಳಾಗುತ್ತಿದ್ದವು. ಸ್ನಾನ ಮಾಡಿ ಬನ್ರೋ ಅಂತ ಬ್ಯಾನರ್ ಹಿಡಿಯುತ್ತಿದ್ದರು. ವೆಸೂವಿಯಸ್ ಜ್ವಾಲಾಮುಖಿ ಬೆಂಕಿಯಲ್ಲೇ ನಿಮ್ಮನ್ನು ತೊಳೆಯಲಿ ಅಂತ ಹಾಡುತ್ತಿದ್ದರು.

ಆ ಹೊತ್ತಿಗೆ ನಾಪೊಲಿ ಕ್ಲಬ್ ಒಂದು ಸಲವೂ ಇಟಲಿಯ ಲೀಗ್ ಗೆದ್ದಿರಲಿಲ್ಲ. ಇಟಲಿಯ ದಕ್ಷಿಣದ ನೆಲದಿಂದ ಯಾವ ಕ್ಲಬ್ಬೂ ಗೆದ್ದಿರಲಿಲ್ಲ. (1970ರಲ್ಲಿ ಕಾಲ್ಯಾರಿ ಗೆದ್ದಿತ್ತು, ಆದರೆ ಅದು ಸಾರ್ಡಿನಿಯಾ ದ್ವೀಪದ್ದು.) 1983-84ರ ಸೀಸನ್ನಿನಲ್ಲಿ ನಾಪೊಲಿ ಒಂದೇ ಒಂದು ಪಾಯಿಂಟ್ ಅಂತರದಲ್ಲಿ ಕೆಳಗಿನ ಡಿವಿಜನ್‌ಗೆ ಬೀಳೋದರಿಂದ ಪಾರಾಗಿತ್ತು. ಅಂಥ ಕ್ಲಬ್ ಬಾರ್ಸಿಲೋನಾಗೆ ಆ ಕಾಲದ ವಿಶ್ವದಾಖಲೆಯ ಹಣ ಕೊಟ್ಟು ಮರಡೋನಾನನ್ನು ತಂದಿತು. 1984ರ ಜುಲೈ 5ಕ್ಕೆ ಅವನು ಸ್ಯಾನ್ ಪಾವ್ಲೊಗೆ ಬಂದ ದಿನ ಮ್ಯಾಚ್ ಇರಲಿಲ್ಲ, ಏನೂ ಇರಲಿಲ್ಲ, ಬರೀ ಅವನ ಮುಖ ನೋಡೋಕೆ 70 ಸಾವಿರದಷ್ಟು ಜನ ಸೇರಿದ್ದರು. ಅವತ್ತಿನ ಪತ್ರಿಕಾಗೋಷ್ಠಿಯಲ್ಲಿ ಒಬ್ಬ ವರದಿಗಾರ ಎದ್ದು, ಈ ಊರಿನ ಮಾಫಿಯಾ ಕಮೋರಾ ಬಗ್ಗೆ, ಫುಟ್‌ಬಾಲಿನಲ್ಲೂ ಇರುವ ಅದರ ದುಡ್ಡಿನ ಬಗ್ಗೆ ಮರಡೋನಾಗೆ ಗೊತ್ತಾ ಅಂತ ಕೇಳಿದ. ಕ್ಲಬ್ಬಿನ ಅಧ್ಯಕ್ಷ ಕೊರಾದೊ ಫೆರ್ಲಾಯಿನೊ ಸಿಟ್ಟಾಗಿ ಅವನನ್ನು ಹೊರಗೆ ಕಳಿಸಿದ. ಮೊದಲ ದಿನವೇ ಪ್ರಶ್ನೆ ಬಂದಿತ್ತು, ಮೊದಲ ದಿನವೇ ಪ್ರಶ್ನೆ ಕೇಳಿದವನನ್ನು ಆಚೆ ಹಾಕಿದ್ದರು. ಇದನ್ನು ನೆನಪಿಟ್ಟುಕೊಳ್ಳಿ.

ಲೀಗಿನ ಮೊದಲ ಮ್ಯಾಚು ಉತ್ತರದ ವೆರೋನಾದಲ್ಲಿ. ಅಲ್ಲಿನವರು ಹಿಡಿದ ಬ್ಯಾನರಿನ ಅರ್ಥ: ಇಟಲಿಗೆ ಸ್ವಾಗತ. ಅಂದರೆ ನೇಪಲ್ಸ್ ಇಟಲಿಯಲ್ಲೇ ಇಲ್ಲ ಅಂತ. ನಾಪೊಲಿ 3-1ಕ್ಕೆ ಸೋತಿತು. ಎರಡು ವರ್ಷ ಕಳೆದು, 1986ರ ನವೆಂಬರಿನಲ್ಲಿ, ಅದೇ ನಾಪೊಲಿ ಟ್ಯೂರಿನ್ನಿಗೆ ಹೋಗಿ ಯುವೆಂಟಸ್‌ಗೆ ಅದೇ 3-1ರಲ್ಲಿ ಹೊಡೆಯಿತು. 1987ರ ಮೇ 10ಕ್ಕೆ ಫಿಯೊರೆಂಟಿನಾ ಜತೆ 1-1 ಡ್ರಾ ಆಗಿ ಲೀಗ್ ಕೈಗೆ ಬಂತು. ಊರು ವಾರಗಟ್ಟಲೆ ಮಲಗಲಿಲ್ಲ. ಯುವೆಂಟಸ್, ಮಿಲಾನ್ ತಂಡಗಳಿಗೆ ಅಣಕು ಶವಯಾತ್ರೆ ತೆಗೆದರು, ಮರಣದ ನೋಟಿಸು ಅಂಟಿಸಿದರು. ಸ್ಮಶಾನದ ಗೋಡೆ ಮೇಲೆ ಯಾರೋ, ನೀವು ಏನು ಕಳಕೊಂಡಿರಿ ಅಂತ ನಿಮಗೆ ಗೊತ್ತೇ ಇಲ್ಲ ಅಂತ ಒಳಗಿರೋರಿಗೆ ಬರೆದರು. 1989ರಲ್ಲಿ ಯುಇಎಫ್‌ಎ ಕಪ್, 1990ರಲ್ಲಿ ಮತ್ತೊಮ್ಮೆ ಲೀಗ್.

ಕಪ್ಪುಗಳಷ್ಟೇ ಆಗಿದ್ದರೆ ಮಾತು ಬೇರೆ. ಅಚೆರಾ ಅನ್ನೋ ಪಕ್ಕದ ಬಡ ಊರಿನಲ್ಲಿ ಒಂದು ಮಗುವಿನ ಆಪರೇಷನ್‌ಗೆ ದುಡ್ಡು ಬೇಕಿತ್ತು. ಸಹಾಯಾರ್ಥ ಮ್ಯಾಚ್ ಆಡೋಕೆ ಕ್ಲಬ್ ಒಪ್ಪಲಿಲ್ಲ. ಗಾಯವಾದರೆ ಯಾರು ಹೊಣೆ ಅಂತ ಅವರ ಚಿಂತೆ. ಮರಡೋನಾ ವಿಮೆಯ ದುಡ್ಡು ತಾನೇ ಕಟ್ಟಿ, ಜತೆ ಆಟಗಾರರನ್ನು ಕರಕೊಂಡು ಹೋಗಿ, ಕೆಸರುಗದ್ದೆಯಂಥ ಮೈದಾನದಲ್ಲಿ ಆಡಿಬಂದ. ನಿಲ್ಲಿಸಿದ್ದ ಕಾರುಗಳ ಮಧ್ಯೆ ಅವನು ವಾರ್ಮ್ ಅಪ್ ಮಾಡುತ್ತಿರುವ ವಿಡಿಯೋ ಈಗಲೂ ಸಿಗುತ್ತೆ, ನೋಡಿ. ಬ್ಯೂನಸ್ ಐರಿಸ್‌ನ ಅಂಚಿನ ಕೊಳೆಗೇರಿ ವಿಲ್ಲಾ ಫಿಯೊರಿಟೊದಲ್ಲಿ ಬೆಳೆದ ಕುಳ್ಳ ಹುಡುಗ ಅವನು. ನೇಪಲ್ಸ್ ಜನಕ್ಕೆ ಅವನ ಎಡಗಾಲು ಮಾತ್ರ ಇಷ್ಟವಾಗಿದ್ದಲ್ಲ. ಇಂಗ್ಲೆಂಡ್ ವಿರುದ್ಧ ಕೈಯಲ್ಲಿ ಗೋಲು ಹೊಡೆದು ದೇವರ ಕೈ ಅಂದ ಕಿಲಾಡಿತನವೂ ಇಷ್ಟವಾಗಿತ್ತು. ದೊಡ್ಡವರಿಗೆ ಟೋಪಿ ಹಾಕಿ ಬದುಕೋದು ಆ ಊರಿಗೆ ಗೊತ್ತಿದ್ದ ವಿದ್ಯೆ. ಅದಕ್ಕೇ ಹೇಳಿದ್ದು, ಆಟ ಬೇರೆ ಆಟಗಾರ ಬೇರೆ ಅನ್ನೋದು ಇಲ್ಲಿ ನಡೆಯಲ್ಲ. ಅವರು ಮೆಚ್ಚಿದ್ದು ಇಡೀ ಮನುಷ್ಯನನ್ನೇ.

ಹಾಗಾದರೆ ಇಡೀ ಮನುಷ್ಯನ ಲೆಕ್ಕವನ್ನೂ ನೋಡಬೇಕಲ್ಲ.

1986ರ ಜೂನಿನಲ್ಲಿ ಮರಡೋನಾ ವಿಶ್ವಕಪ್ ಎತ್ತಿದ. ಮೂರು ತಿಂಗಳು ಆಗೋದರೊಳಗೆ, ಸೆಪ್ಟೆಂಬರ್ 20ಕ್ಕೆ, ನೇಪಲ್ಸ್‌ನಲ್ಲಿ ಕ್ರಿಸ್ತಿಯಾನಾ ಸಿನಾಗ್ರಾ ಅನ್ನೋ ಯುವತಿ ಒಂದು ಗಂಡುಮಗು ಹೆತ್ತಳು. ಮಗುವಿನ ಅಪ್ಪ ಮರಡೋನಾ ಅಂತ ಟಿವಿ ಕ್ಯಾಮೆರಾ ಮುಂದೆ ಹೇಳಿದಳು. ಮಗುವಿಗೂ ಡಿಯೆಗೊ ಅಂತಲೇ ಹೆಸರಿಟ್ಟಳು. ಅವನು ಇಲ್ಲ ಅಂದ. ಪ್ರಕರಣ ಕೋರ್ಟಿಗೆ ಹೋಯಿತು, ಡಿಎನ್‌ಎ ಪರೀಕ್ಷೆಗೆ ಅವನು ಒಪ್ಪಲಿಲ್ಲ. 1993ರಲ್ಲಿ ಇಟಲಿಯ ಕೋರ್ಟು ಅವನೇ ಅಪ್ಪ ಅಂತ ತೀರ್ಪು ಕೊಟ್ಟಿತು. ಆಮೇಲೂ ಅವನು ಒಪ್ಪಲಿಲ್ಲ. ಮಗ ನೇಪಲ್ಸ್‌ನಲ್ಲೇ ಬೆಳೆದ, ನಾಪೊಲಿಯ ಕಿರಿಯರ ತಂಡದಲ್ಲೇ ಆಡಿದ. 2003ರಲ್ಲಿ, ಹದಿನಾರು ವರ್ಷದವನಿದ್ದಾಗ, ಅಪ್ಪ ಗಾಲ್ಫ್ ಆಡುತ್ತಿದ್ದ ಕಡೆ ನುಗ್ಗಿ ಮಾತಾಡಿಸಿ ಬಂದ. ಮರಡೋನಾ ಎಲ್ಲರ ಮುಂದೆ ಅವನನ್ನು ತಬ್ಬಿ ಮಗ ಅಂದಿದ್ದು 2016ರಲ್ಲಿ. ಮಗನಿಗೆ ಮೂವತ್ತು ಹತ್ತಿರ ಬಂದಿತ್ತು.

ಆ ವರ್ಷಗಳಲ್ಲಿ ನೇಪಲ್ಸ್‌ನಲ್ಲಿ ಹುಟ್ಟಿದ ಎಷ್ಟೋ ಗಂಡುಮಕ್ಕಳಿಗೆ ಡಿಯೆಗೊ ಅಂತ ಹೆಸರಿಟ್ಟರು. ಮರಡೋನಾನಿಗೇ ಹುಟ್ಟಿದ ಡಿಯೆಗೊನನ್ನು ಮಾತ್ರ ಅಪ್ಪ ಬೇಡ ಅಂದ. ಊರಿಗೆ ಗೊತ್ತಿರಲಿಲ್ಲವಾ? ಎಲ್ಲರಿಗೂ ಗೊತ್ತಿತ್ತು. ಭಾನುವಾರ ಬಂದರೆ ಸ್ಟೇಡಿಯಂ ತುಂಬುತ್ತಿತ್ತು.

ಕೊಕೇನ್ ವಿಷಯವೂ ಹಾಗೇ. ಚಟ ಬಾರ್ಸಿಲೋನಾದಲ್ಲಿ ಶುರುವಾಯಿತು ಅಂತ ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ನೇಪಲ್ಸ್‌ನಲ್ಲಿ ಅದನ್ನು ಪೂರೈಸೋಕೆ ಕಮೋರಾದ ಜನ ಇದ್ದರು. ಜೂಲಿಯಾನೊ ಗ್ಯಾಂಗಿನ ಜತೆ ಅವನು ನಗುತ್ತ ನಿಂತ ಫೋಟೋಗಳು ಪತ್ರಿಕೆಗಳಲ್ಲಿ ಬಂದವು. ಭಾನುವಾರದ ಮ್ಯಾಚ್ ಮುಗಿದ ಮೇಲೆ ಶುರುವಾದರೆ ಬುಧವಾರದ ತನಕ, ಆಮೇಲೆ ಬೆವರು ಸುರಿಸಿ ಮೈ ಶುದ್ಧ ಮಾಡಿಕೊಂಡು ಮತ್ತೆ ಭಾನುವಾರಕ್ಕೆ ರೆಡಿ. ಪರೀಕ್ಷೆಯಲ್ಲಿ ಸಿಕ್ಕಿಬೀಳದ ಹಾಗೆ ಬೇರೆಯವರ ಮೂತ್ರ ಕೊಡುವ ವ್ಯವಸ್ಥೆ ಇತ್ತು ಅಂತ ಅಧ್ಯಕ್ಷ ಫೆರ್ಲಾಯಿನೊ ವರ್ಷಗಳ ನಂತರ ತಾನೇ ಬಾಯಿಬಿಟ್ಟ. 1989ರಲ್ಲಿ ಮರಡೋನಾ ಫ್ರಾನ್ಸಿನ ಮಾರ್ಸೇ ಕ್ಲಬ್ಬಿಗೆ ಹೋಗ್ತೀನಿ, ಬಿಟ್ಟುಬಿಡಿ ಅಂತ ಕೇಳಿಕೊಂಡಿದ್ದ. ಫೆರ್ಲಾಯಿನೊ ಬಿಡಲಿಲ್ಲ. ನನಗೆ ಇಲ್ಲಿ ಸಿಟ್ಟು ಬರೋದು ಆಟಗಾರನ ಮೇಲಿಗಿಂತ ಹೆಚ್ಚಾಗಿ ಮ್ಯಾನೇಜ್‌ಮೆಂಟ್ ಮೇಲೆ. ಸರ್ವರ್ ಕುಸಿಯುತ್ತಿದೆ ಅಂತ ಗೊತ್ತಿದ್ದೂ, ಇನ್ನೊಂದು ರಿಲೀಸ್ ಆಗಲಿ ಅಂತ ಅಲರ್ಟ್ ಆಫ್ ಮಾಡಿ ಓಡಿಸೋರ ಥರ.

ಆಮೇಲೆ ಬಂದಿದ್ದು 1990ರ ಜುಲೈ 3. ವಿಶ್ವಕಪ್ ಸೆಮಿಫೈನಲ್, ಇಟಲಿ ಎದುರು ಅರ್ಜೆಂಟೀನಾ, ಆಡೋದು ನೇಪಲ್ಸ್‌ನಲ್ಲೇ. ವರ್ಷವಿಡೀ ನಿಮ್ಮನ್ನು ಪರದೇಶಿಗಳ ಹಾಗೆ ನೋಡೋರು ಇವತ್ತೊಂದು ದಿನ ಇಟಲಿಯವರಾಗಿ ಅಂತಿದ್ದಾರೆ ಅಂತ ಮರಡೋನಾ ಆ ಊರಿನ ಜನಕ್ಕೆ ಚುಚ್ಚಿದ. ಮಾತು ನಿಜವಾಗಿತ್ತು, ಅದಕ್ಕೇ ಇಟಲಿಗೆ ಉರಿಯಿತು. ಆಟ 1-1, ಪೆನಾಲ್ಟಿಯಲ್ಲಿ ಅರ್ಜೆಂಟೀನಾ 4-3. ಅವನೂ ಒಂದು ಹೊಡೆದ. ರೋಮಿನ ಫೈನಲ್‌ನಲ್ಲಿ ಅರ್ಜೆಂಟೀನಾದ ರಾಷ್ಟ್ರಗೀತೆಗೇ ಶಿಳ್ಳೆ ಹೊಡೆದು ಅವಮಾನ ಮಾಡಿದರು. ಮುಂದಿನ ವರ್ಷ ಮಾರ್ಚ್ 17ಕ್ಕೆ ಬಾರಿ ತಂಡದ ಎದುರಿನ ಮ್ಯಾಚ್ ಆದ ಮೇಲೆ ಪರೀಕ್ಷೆಯಲ್ಲಿ ಕೊಕೇನ್ ಸಿಕ್ಕಿತು. ಅಷ್ಟು ವರ್ಷ ಸಿಗದೇ ಇದ್ದದ್ದು! ಹದಿನೈದು ತಿಂಗಳ ನಿಷೇಧ. ಬಂದಾಗ 70 ಸಾವಿರ ಜನ ಇದ್ದರು, ರಾತ್ರೋರಾತ್ರಿ ಊರು ಬಿಟ್ಟು ಹೋದಾಗ ಕಳಿಸಿಕೊಡೋಕೆ ಯಾರೂ ಇರಲಿಲ್ಲ.

ಆಮೇಲೆ ತೆರಿಗೆ ಇಲಾಖೆ ಹಿಂದೆ ಬಿತ್ತು. 2006ರಲ್ಲಿ ಕೈಯಲ್ಲಿದ್ದ ರೋಲೆಕ್ಸ್ ವಾಚುಗಳನ್ನು, 2009ರಲ್ಲಿ ಕಿವಿಯ ಓಲೆಯನ್ನು ಇಟಲಿಯ ಪೊಲೀಸರು ಬಿಚ್ಚಿಸಿಕೊಂಡರು. ಸತ್ತು ಮೂರು ವರ್ಷವಾದ ಮೇಲೆ ಇಟಲಿಯ ಸರ್ವೋಚ್ಚ ನ್ಯಾಯಾಲಯದಲ್ಲಿ ಆ ಪ್ರಕರಣ ಅವನ ಪರವಾಗಿ ಮುಗಿಯಿತು. ಅಷ್ಟರಲ್ಲಿ ಊರಿನ ಕೋಪವೂ ಇಳಿದಿತ್ತು. ಕ್ಲಬ್ 2000ದಲ್ಲೇ ಹತ್ತನೇ ನಂಬರಿನ ಜೆರ್ಸಿ ಇನ್ಯಾರಿಗೂ ಇಲ್ಲ ಅಂದಿತ್ತು. 2017ರಲ್ಲಿ ಊರಿನ ಗೌರವ ಪೌರತ್ವ ಕೊಟ್ಟರು. ಕೊನೆಗೆ ಸ್ಟೇಡಿಯಂ.

ಅವನು ಸತ್ತ ಮೂರನೇ ದಿನ, ಸ್ಪೇನಿನ ಗಲೀಸಿಯಾದಲ್ಲಿ ಒಂದು ಹೆಣ್ಣುಮಕ್ಕಳ ಮ್ಯಾಚ್. ಶುರುವಿಗೆ ಮುಂಚೆ ಮರಡೋನಾಗೆ ಒಂದು ನಿಮಿಷದ ಮೌನ. ಎಲ್ಲರೂ ಸಾಲಾಗಿ ತಲೆ ಬಗ್ಗಿಸಿ ನಿಂತರು. ಪೌಲಾ ದಪೇನಾ ಅನ್ನೋ ಆಟಗಾರ್ತಿ ಮಾತ್ರ ಬೆನ್ನು ತಿರುಗಿಸಿ ನೆಲದ ಮೇಲೆ ಕೂತಳು. ನವೆಂಬರ್ 25, ಅವನು ಸತ್ತ ದಿನ, ಹೆಣ್ಣುಮಕ್ಕಳ ಮೇಲಿನ ಹಿಂಸೆಯ ವಿರುದ್ಧದ ಅಂತರರಾಷ್ಟ್ರೀಯ ದಿನವೂ ಹೌದು. ಅವತ್ತು ಹಿಂಸೆಗೆ ಒಳಗಾದವರಿಗೆ ಮೌನ ಆಚರಿಸಲಿಲ್ಲ, ಹಾಗಿರುವಾಗ ಇವನಿಗೆ ನಾನು ಆಚರಿಸಲ್ಲ ಅನ್ನೋದು ಆಕೆಯ ವಾದ. 2014ರಲ್ಲಿ ಹೊರಬಂದ ಒಂದು ವಿಡಿಯೋದಲ್ಲಿ ಅವನು ಜತೆಗಿದ್ದ ಹುಡುಗಿಗೆ ಹೊಡೆದ ಹಾಗೆ ಕಾಣುತ್ತೆ. ಅವನು ಹೊಡೆದಿಲ್ಲ ಅಂದಿದ್ದ. 2021ರಲ್ಲಿ ಕ್ಯೂಬಾದ ಒಬ್ಬ ಮಹಿಳೆ, ತನಗೆ ಹದಿನಾರು ವರ್ಷವಿದ್ದಾಗ ಅವನು ತನ್ನ ಮೇಲೆ ಅತ್ಯಾಚಾರ ಮಾಡಿದ ಅಂತ ಆರೋಪಿಸಿದರು. ಉತ್ತರ ಕೊಡಬೇಕಾದವನು ಬದುಕಿರಲಿಲ್ಲ.

ದಪೇನಾಗೆ ಕೊಲೆ ಬೆದರಿಕೆಗಳು ಬಂದವು. ಕಳಿಸಿದವರು ಅಭಿಮಾನಿಗಳು.

ನನ್ನ ತಕರಾರು ಇಲ್ಲಿದೆ. ಸ್ಟೇಡಿಯಂಗೆ ಅವನ ಹೆಸರಿಟ್ಟಿದ್ದು ತಪ್ಪು ಅಂತ ನನಗೆ ಅನ್ನಿಸಲ್ಲ. ಆ ಏಳು ವರ್ಷ ಆ ಊರಿಗೆ ಏನು ಕೊಟ್ಟವು ಅಂತ ಬೆಂಗಳೂರಲ್ಲಿ ಕೂತು ನಾನು ಅಳೆಯೋಕೆ ಆಗಲ್ಲ. ಜತೆಗೆ, ಅವನ ಎಷ್ಟೋ ಕೆಡುಕುಗಳಲ್ಲಿ ಆ ಊರಿನ, ಆ ಕ್ಲಬ್ಬಿನ ಪಾಲೂ ಇದೆ. ಅವನ ಹೆಸರು ತೆಗೆದ ಮಾತ್ರಕ್ಕೆ ಆ ಪಾಲು ಹೋಗಲ್ಲ. ಆದರೆ ನಾವು 'ಪ್ರತಿಭಾವಂತ, ಆದರೆ ದೋಷಗಳಿದ್ದವು' ಅಂತ ಒಂದೇ ಉಸಿರಲ್ಲಿ ಹೇಳಿ ಮುಗಿಸ್ತೀವಲ್ಲ, ಅದು ಸುಳ್ಳು ಲೆಕ್ಕ. ಕೊಕೇನ್ ಅವನನ್ನು ಸುಟ್ಟಿತು. ಮಗನನ್ನು ಬೇಡ ಅಂದಿದ್ದು ಸುಟ್ಟಿದ್ದು ಬೇರೆಯವರನ್ನು. ಮೊದಲನೆಯದಕ್ಕೆ ಮರುಕ ಪಡಬಹುದು, ಕ್ಷಮಿಸಲೂಬಹುದು. ಎರಡನೆಯದನ್ನು ಕ್ಷಮಿಸೋಕೆ ಸ್ಟೇಡಿಯಂನಲ್ಲಿ ಕೂತ 50 ಸಾವಿರ ಜನಕ್ಕೆ ಯಾವ ಹಕ್ಕೂ ಇಲ್ಲ. ಆ ಹಕ್ಕು ಇದ್ದ ಮಗ ಅಪ್ಪನನ್ನು ಅಪ್ಪಿಕೊಂಡ, ಅದು ಅವನ ದೊಡ್ಡತನ. ಕ್ಯೂಬಾದ ಮಹಿಳೆ ಹಾಗೆ ಮಾಡಲಿಲ್ಲ, ಮಾಡಬೇಕಾಗಿಯೂ ಇಲ್ಲ. ದಪೇನಾ ಕೂತುಕೊಂಡಿದ್ದರಿಂದ ನಿಂತ ಯಾರ ಪ್ರೀತಿಗೂ ಏನೂ ಕಮ್ಮಿ ಆಗಲಿಲ್ಲ.

ನೇಪಲ್ಸ್‌ನ ಸ್ಪ್ಯಾನಿಷ್ ಕ್ವಾರ್ಟರ್ಸ್ ಅನ್ನೋ ಇಕ್ಕಟ್ಟಾದ ಓಣಿಗಳ ಕೇರಿಯಲ್ಲಿ, ಒಂದು ವಠಾರದ ಗೋಡೆ ಪೂರ್ತಿ ಮರಡೋನಾ ಚಿತ್ರವಿದೆ. 1990ರಲ್ಲಿ ಎರಡನೇ ಸಲ ಲೀಗ್ ಗೆದ್ದಾಗ ಮಾರಿಯೊ ಫಿಲಾರ್ಡಿ ಅನ್ನೋ ಹುಡುಗ ಬರೆದದ್ದು. ಆಮೇಲೆ ಬಣ್ಣ ಮಾಸಿತು, ಮುಖ ಇದ್ದ ಜಾಗದಲ್ಲೇ ಮನೆಯವರು ಕಿಟಕಿ ಒಡೆಸಿಕೊಂಡರು. 2016ರ ನಂತರ ಚಿತ್ರವನ್ನು ಹೊಸದಾಗಿ ಬರೆದಾಗ ಮುಖವನ್ನು ಆ ಕಿಟಕಿಯ ಬಾಗಿಲ ಮೇಲೆಯೇ ಬರೆದರು. ಈಗ ಅದು ದೇವಸ್ಥಾನದ ಥರ ಆಗಿದೆ. ಹೂವು, ಮೇಣದಬತ್ತಿ, ಜೆರ್ಸಿ ಇಟ್ಟು ಹೋಗ್ತಾರೆ, ದೇಶದೇಶದಿಂದ ಬಂದು ಫೋಟೋ ತೆಗೀತಾರೆ. ಒಳಗಿರೋರಿಗೆ ಗಾಳಿ ಬೇಕು ಅನ್ನಿಸಿ ಕಿಟಕಿ ತೆಗೆದರೆ ಮುಖ ಇರಲ್ಲ, ಕೆಳಗೆ ನಿಂತವರು ಅದು ಮುಚ್ಚೋ ತನಕ ಕಾಯಬೇಕು.