ರೈತರ ಹೊಲದಲ್ಲೇ ತಳಿ ಪರೀಕ್ಷೆ

ಸಂಶೋಧನಾ ಕೇಂದ್ರದ ತಾಕಿನಲ್ಲಿ ಗೆದ್ದ ತಳಿ ರೈತನ ಹೊಲದಲ್ಲಿ ಸೋಲುವುದು ಹೊಸತೇನಲ್ಲ. ಕೇಂದ್ರದಲ್ಲಿ ನೀರು, ಗೊಬ್ಬರ, ಕಳೆ ನಿರ್ವಹಣೆ ಎಲ್ಲವೂ ಸಕಾಲಕ್ಕೆ ನಡೆಯುತ್ತವೆ. ಮಳೆಯನ್ನೇ ನಂಬಿದ ಒಂದೆರಡು ಎಕರೆಯ ಹಿಡುವಳಿದಾರನಿಗೆ ಆ ಅನುಕೂಲವಿಲ್ಲ. ತಪ್ಪು ತಳಿ ಬಿತ್ತಿದರೆ ಆತ ಕಳೆದುಕೊಳ್ಳುವುದು ಮನೆಯ ವರ್ಷದ ಅನ್ನವನ್ನು. ಈ ಅಂತರವನ್ನು ತಗ್ಗಿಸಲು ರೂಪುಗೊಂಡ ಕ್ರಮವೇ 'ರೈತ ಸಹಭಾಗಿತ್ವದ ತಳಿ ಆಯ್ಕೆ'.

ವಿಧಾನ

ರೈತರು ಈಗಾಗಲೇ ಬೆಳೆಯುತ್ತಿರುವ ತಳಿಗಳ ಗುಣದೋಷಗಳನ್ನು ಅವರಿಂದಲೇ ತಿಳಿದು, ಅವರ ಅಗತ್ಯಕ್ಕೆ ಹೊಂದುವ ಕೆಲವು ಸುಧಾರಿತ ತಳಿಗಳನ್ನು ಮೊದಲು ಆರಿಸಲಾಗುತ್ತದೆ. ಪ್ರತಿಯೊಬ್ಬರಿಗೂ ಸ್ವಲ್ಪ ಪ್ರಮಾಣದ ಬೀಜ ನೀಡಲಾಗುತ್ತದೆ. ರೈತ ಅದನ್ನು ತನ್ನ ಹಳೆಯ ತಳಿಯ ಪಕ್ಕದಲ್ಲೇ, ಅದೇ ಗೊಬ್ಬರ, ಅದೇ ಆರೈಕೆಯಲ್ಲಿ ಬೆಳೆಯುತ್ತಾನೆ. 'ತಾಯಿ-ಮಗು' ಪದ್ಧತಿಯಲ್ಲಿ ಊರಿನ ಒಂದೆಡೆ ಎಲ್ಲ ತಳಿಗಳನ್ನೂ, ಉಳಿದ ಹೊಲಗಳಲ್ಲಿ ಕೆಲವನ್ನು ಮಾತ್ರ ಬಿತ್ತಲಾಗುತ್ತದೆ.

ಕೊಯ್ಲಿನ ನಂತರ ಕಾಳಿನ ತೂಕವಷ್ಟೇ ಲೆಕ್ಕಕ್ಕೆ ಬರುವುದಿಲ್ಲ. ದನಕ್ಕೆ ಹುಲ್ಲು ಎಷ್ಟು ಸಿಕ್ಕಿತು, ಒಕ್ಕಣೆ ಸುಲಭವೇ, ಅನ್ನದ ರುಚಿ ಹೇಗೆ, ಸಂತೆಯಲ್ಲಿ ಬೆಲೆ ಬಂದೀತೇ ಎಂಬುದನ್ನೂ ಕೇಳಲಾಗುತ್ತದೆ. ಅಡುಗೆ ಮತ್ತು ಬೀಜ ಸಂಗ್ರಹದ ಹೊಣೆ ಹೊತ್ತ ಮಹಿಳೆಯರ ಅಭಿಪ್ರಾಯಕ್ಕೆ ಇಲ್ಲಿ ವಿಶೇಷ ಬೆಲೆಯಿದೆ. ಮುಂದಿನ ಹಂಗಾಮಿನಲ್ಲಿ ರೈತ ಅದೇ ಬೀಜವನ್ನು ತಾನಾಗಿಯೇ ಬಿತ್ತುವನೇ ಎಂಬುದೇ ಅಂತಿಮ ಪರೀಕ್ಷೆ.

ಕಳಿಂಗ-3ರ ಪಾಠ

1990ರ ದಶಕದಲ್ಲಿ ಗುಜರಾತ್, ರಾಜಸ್ಥಾನ ಮತ್ತು ಮಧ್ಯಪ್ರದೇಶಗಳ ಗಡಿ ಸೇರುವ ಗುಡ್ಡಗಾಡಿನಲ್ಲಿ, ಭಿಲ್ ಸಮುದಾಯದ ರೈತರೊಂದಿಗೆ ಈ ಪ್ರಯೋಗ ನಡೆಯಿತು. ಆ ರಾಜ್ಯಗಳು ಶಿಫಾರಸು ಮಾಡಿದ್ದ ಭತ್ತದ ತಳಿಗಳನ್ನು ಅಲ್ಲಿನ ಬಹುತೇಕ ರೈತರು ಒಪ್ಪಿರಲಿಲ್ಲ. ಅವರು ಮೆಚ್ಚಿದ್ದು ದೂರದ ಒಡಿಶಾಕ್ಕೆಂದು ಬಿಡುಗಡೆಯಾಗಿದ್ದ ಕಳಿಂಗ-3 ತಳಿಯನ್ನು. ಅದು ಬೇಗ ಮಾಗುತ್ತಿತ್ತು. ಕಾಳು ಸಣ್ಣಗೆ ಉದ್ದವಾಗಿತ್ತು. ಬೀಜ ರೈತರಿಂದ ರೈತರಿಗೆ ಹಬ್ಬಿತು. ಆದರೆ ಪೈರು ನೆಲಕ್ಕೊರಗುವ ದೋಷವಿತ್ತು. ಅದನ್ನು ನೀಗಲು ಐಆರ್-64ರೊಂದಿಗೆ ಸಂಕರಿಸಿ, ರೈತರ ನೆರವಿನಿಂದಲೇ ಅಶೋಕ 200ಎಫ್ ಮತ್ತು ಅಶೋಕ 228 ತಳಿಗಳನ್ನು ರೂಪಿಸಲಾಯಿತು.

ಇಂದಿನ ಸ್ಥಿತಿ

ಪ್ರತಿ ರೈತನಿಗೆ ಮೂರೇ ತಳಿ ಕೊಟ್ಟು, ಯಾವುದು ಉತ್ತಮ, ಯಾವುದು ಕಳಪೆ ಎಂದಷ್ಟೇ ಕೇಳುವ ಸರಳ ಕ್ರಮವೂ ಈಗ ಬಳಕೆಯಲ್ಲಿದೆ. ಭಾರತ, ಇಥಿಯೋಪಿಯಾ ಮತ್ತು ನಿಕರಾಗುವಾಗಳ 12 ಸಾವಿರಕ್ಕೂ ಹೆಚ್ಚು ತಾಕುಗಳಲ್ಲಿ ನಡೆದ ಇಂಥ ಪರೀಕ್ಷೆಗಳ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕರ್ನಾಟಕವೂ ಸೇರಿದಂತೆ ದೇಶದ ಕೃಷಿ ವಿಜ್ಞಾನ ಕೇಂದ್ರಗಳ ಕರ್ತವ್ಯಗಳಲ್ಲಿ ರೈತರ ಹೊಲದ ಪರೀಕ್ಷೆಯೂ ಒಂದು.

ರೈತರು ತಾವು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಹಂಚಿಕೊಳ್ಳುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾನ್ಯ ಮಾಡಿದೆ. ಆದರೆ ಮೆಚ್ಚಿದ ತಳಿಯ ಬೀಜ ಸಾಕಷ್ಟು ಪ್ರಮಾಣದಲ್ಲಿ ಸಕಾಲಕ್ಕೆ ದೊರೆಯದಿದ್ದರೆ ರೈತನ ಆಯ್ಕೆ ಅವನ ಬದುವನ್ನು ದಾಟುವುದಿಲ್ಲ.