ರೇಖೆಯಿಂದ ನಾದ: ಶ್ರುತಿಪೆಟ್ಟಿಗೆಯ ಗಣಿತ ಮತ್ತು ತುಳುನಾಡಿನ ಹಾಡುಗಾರಿಕೆ

ವೇಣೂರು ಗೊಮ್ಮಟಮೂರ್ತಿಯಿಂದ ಖ್ಯಾತವಾದ ಊರು. ಅದರ ಸುತ್ತಲಿನ ಸೀಮೆ ತೆಂಕುತಿಟ್ಟು ಯಕ್ಷಗಾನದ ಸೀಮೆಯೂ ಹೌದು. ಯಕ್ಷಗಾನದಲ್ಲಿ ಭಾಗವತರಿಗೆ ಆಧಾರಶ್ರುತಿ ಒದಗಿಸುತ್ತಿದ್ದ ಪುಂಗಿಯ ಜಾಗಕ್ಕೆ ಹಾರ್ಮೋನಿಯಂ ಬಂದಿತು. ಅನಂತರ ವಿದ್ಯುನ್ಮಾನ ಶ್ರುತಿಪೆಟ್ಟಿಗೆ. ವೇಷಭೂಷಣದ ಬದಲಾವಣೆಯಂತೆ ಇದು ಕಣ್ಣಿಗೆ ಬೀಳುವಂಥದಲ್ಲ. ಆದರೆ ಮೊದಲೆರಡರಲ್ಲಿ ಗಾಳಿಯೂ ಕಂಪಿಸುವ ನಾಲಗೆಯೂ ಇದ್ದವು; ಮೂರನೆಯದರಲ್ಲಿ ಅವೆರಡೂ ಇಲ್ಲ. ಅಲ್ಲಿ ಧ್ವನಿಗೆ ಮೂಲವಾಗಿರುವುದು ವಿದ್ಯುತ್ತಿನ ಏರಿಳಿತ. ಕಾಗದದ ಮೇಲೆ ಬರೆಯಬಹುದಾದ ಒಂದು ವಕ್ರರೇಖೆ.

ಕಾಲವನ್ನು ಅಡ್ಡಕ್ಕೂ ಕಂಪನದ ಪ್ರಮಾಣವನ್ನು ಲಂಬಕ್ಕೂ ಗುರುತಿಸಿದರೆ ಧ್ವನಿ ರೇಖೆಯಾಗುತ್ತದೆ. ಮರಳಿ ಮರಳಿ ಬರುವ ಇಂತಹ ರೇಖೆಯನ್ನು ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂಬ ವಿಚಾರ ಫ್ರಾನ್ಸಿನ ಫೂರಿಯೇಯದು. 1822ರ ಅವನ ಗ್ರಂಥದ ವಸ್ತು ಮಾತ್ರ ಸಂಗೀತವಲ್ಲ, ಶಾಖ. ಬಿಡಿಸಬಹುದಾದುದನ್ನು ಕೂಡಿಸಲೂ ಬಹುದು. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಗಣಕಯಂತ್ರದ ಸಂಖ್ಯೆಗಳನ್ನು ನಾದವಾಗಿಸಿದರು. ಕ್ಸೆನಾಕಿಸ್ ಪ್ಯಾರಿಸ್ಸಿನಲ್ಲಿ 1977ರಲ್ಲಿ ರೂಪಿಸಿದ ಯುಪಿಕ್ ಯಂತ್ರದಲ್ಲಿ ಫಲಕದ ಮೇಲೆ ಎಳೆದ ಗೆರೆಯೇ ಸಂಗೀತವಾಯಿತು.

ಭಾರತೀಯ ವಾದ್ಯಗಳ ಮಟ್ಟಿಗೆ ಇಂತಹ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಸಿ.ವಿ. ರಾಮನ್ ಪ್ರಮುಖರು. ತಂಬೂರಿಯ ಕುದುರೆಯ ಬಾಗಿದ ಮೈಯಿಂದಾಗಿ ತಂತಿಯ ನಾದದಲ್ಲಿ ಉಪಸ್ವರಗಳು ಹೇರಳವಾಗುತ್ತವೆಂದು 1921ರಲ್ಲಿ ತೋರಿಸಿದ ಅವರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಚರ್ಮವಾದ್ಯಗಳನ್ನು ಕುರಿತು ಬರೆದರು. ಬರಿಯ ಚರ್ಮದ ಉಪಸ್ವರಗಳು ಮೂಲಸ್ವರದ ಪೂರ್ಣಾಂಕ ಗುಣಕಗಳಾಗಿರುವುದಿಲ್ಲ. ನಡುವೆ ಹಾಕುವ ಕರಣೆಯ ಭಾರದಿಂದ ಅವು ಹೊಂದಿಕೊಳ್ಳುತ್ತವೆ. ಮದ್ದಳೆಗೆ ಕರಣೆ ಹಾಕುವ ಕುಶಲಿಗಳು ಈ ಹೊಂದಾಣಿಕೆಯನ್ನು ಸೂತ್ರದ ನೆರವಿಲ್ಲದೆ ಕಿವಿಯಿಂದಲೇ ಸಾಧಿಸಿದ್ದರೆಂಬುದು ಗಮನಾರ್ಹ.

ಬೆಂಗಳೂರಿನಲ್ಲಿಯೇ 1970ರ ದಶಕದ ಕೊನೆಗೆ, ಇಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರಿಂದ ವಿದ್ಯುನ್ಮಾನ ಶ್ರುತಿಪೆಟ್ಟಿಗೆ ರೂಪುಗೊಂಡಿತು. ಅವರ ಸಂಸ್ಥೆ ರಾಡೆಲ್. ಶ್ರುತಿಯ ಲೆಕ್ಕ ಸರಳವಾದುದು. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳೆಂದಿಟ್ಟುಕೊಂಡರೆ ಪಂಚಮಕ್ಕೆ 360. ಒಂದರ ಎರಡು ಅಲೆಗಳು ಮುಗಿಯುವಲ್ಲಿ ಇನ್ನೊಂದರ ಮೂರು ಮುಗಿಯುತ್ತವೆ. ಕೂಡಿದ ರೇಖೆ ಸೆಕೆಂಡಿಗೆ 120 ಬಾರಿ ತನ್ನ ಮೊದಲ ಆಕಾರಕ್ಕೆ ಮರಳುತ್ತದೆ. ಪಂಚಮ 361 ಆಯಿತೆನ್ನಿ; ಅದರ ಇಮ್ಮಡಿಯಾದ 722, ಷಡ್ಜದ ಮುಮ್ಮಡಿಯಾದ 720ರೊಡನೆ ಸೇರಿ ನಾದ ಸೆಕೆಂಡಿಗೆ ಎರಡು ಬಾರಿ ತೂಗಾಡುತ್ತದೆ. ಶ್ರುತಿ ಸೇರಿಲ್ಲವೆಂದು ಹಾಡುಗಾರರ ಕಿವಿ ಹಿಡಿಯುವುದು ಇಂತಹ ತೂಗಾಟವನ್ನೇ.

ಷಡ್ಜ ಸ್ಥಿರವಾಗಿರುವ ಸಂಗೀತಕ್ಕೆ ಇದೆಲ್ಲ ಒಪ್ಪುತ್ತದೆ. ಗದ್ದೆಯಲ್ಲಿ ನೇಜಿ ನೆಡುತ್ತ ಪಾಡ್ದನ ಹೇಳುವ ಹೆಂಗಸರಿಗೆ ಆಧಾರಶ್ರುತಿಯ ವಾದ್ಯವಿಲ್ಲ. ಒಬ್ಬಳ ಸೊಲ್ಲನ್ನು ಉಳಿದವರು ಎತ್ತಿಕೊಳ್ಳುವುದೇ ಅಲ್ಲಿನ ಆಧಾರ. ಇಂತಹ ದನಿಯನ್ನು ಕೀಬೋರ್ಡಿನ 12 ಸಮ ಮೆಟ್ಟಿಲುಗಳಿಗೆ ಕೂರಿಸುವ ಯತ್ನ ಅಪಾಯಕಾರಿ. ಆ ಮೆಟ್ಟಿಲುಗಳಲ್ಲಿ ಪಂಚಮವೇ 360ಕ್ಕೆ ಬದಲು ಸುಮಾರು 359.6ಕ್ಕೆ ನಿಲ್ಲುತ್ತದೆ. ಈ ಅಂತರ ಚಿಕ್ಕದು. ಎರಡು ಮೆಟ್ಟಿಲುಗಳ ನಡುವೆ ಜಾರುವ ಪಾಡ್ದನದ ಎಳೆತವಾದರೋ ಅಲ್ಲಿ ಪೂರ್ತಿ ಅಳಿಸಿಹೋಗುತ್ತದೆ. ಆದುದರಿಂದ ಪಾಡ್ದನಗಳ ಸಂಗ್ರಹದಲ್ಲಿ ಪಠ್ಯ, ಸ್ವರಲಿಪಿಗಳ ಜೊತೆಗೆ ಧ್ವನಿಮುದ್ರಣವೂ ಅದರಿಂದ ತೆಗೆದ ಸ್ವರರೇಖೆಯೂ ಇರಬೇಕಾಗುತ್ತದೆ. ಆ ರೇಖೆ ಹಾಡುಗಾರ್ತಿಯ ಹೆಸರು, ಊರುಗಳ ದಾಖಲೆಯೊಡನೆ ಉಳಿದರೆ ಮಾತ್ರ ಮುಂದೆ ಅದರಿಂದ ಹುಟ್ಟಿಸುವ ಧ್ವನಿಯನ್ನು ಮೂಲದೊಡನೆ ಹೋಲಿಸಿ ನೋಡಲು ಸಾಧ್ಯ.